ಸಾರಾಂಶ ಕೇಳಿದ ಮಾಂತ್ರಿಕ

ನಿಮ್ಮ ತಾತನ ತಾತನೂ ಹುಟ್ಟುವ ಮುಂಚೆ ಹಾಲುಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಚೆಲುವಯ್ಯ ಎಂಬ ಮೇಷ್ಟ್ರು ಪುಟ್ಟ ಮಕ್ಕಳಿಗೆ ಪದ್ಯ ಕಲಿಸುತ್ತಿದ್ದರು. ಒಳ್ಳೆಯ ಮನುಷ್ಯ, ಬೆತ್ತ ಮುಟ್ಟಿದವರಲ್ಲ. ಆದರೆ ಒಂದು ಕೆಟ್ಟ ಚಾಳಿಯಿತ್ತು. ಮಕ್ಕಳು ಪದ್ಯ ಹಾಡಿ ಮುಗಿಸುವುದೇ ತಡ, "ಸಾಕು, ಈಗ ಸಾರಾಂಶ ಬಾಯಿಪಾಠ ಮಾಡಿ" ಅನ್ನುವರು. ಮಕ್ಕಳ ಮುಖ ಬಾಡುತ್ತಿತ್ತು. ಬಾಡದೆ ಇನ್ನೇನು?

ಅದೇ ರಾಜ್ಯದ ಬೆಟ್ಟದ ಮೇಲೆ ಶುಷ್ಕದಂತ ಎಂಬ ಮಾಂತ್ರಿಕನಿದ್ದ. ಅವನ ಬಳಿ ಒಂದು ಚರ್ಮದ ಚೀಲ. ಯಾವ ಪದ್ಯದ ಸಾರಾಂಶ ಅವನ ಕಿವಿಗೆ ಬೀಳುತ್ತಿತ್ತೋ, ಆ ಪದ್ಯದಲ್ಲಿ ಇರುವುದು ಲೋಕದಿಂದ ಮಾಯವಾಗಿ ಆ ಚೀಲ ಸೇರುತ್ತಿತ್ತು.

ಒಂದು ದಿನ ಅವನು ಶಾಲೆಗೆ ಬಂದ. ತಾನು ರಾಜನ ಕಡೆಯ ಪರೀಕ್ಷಕ ಎಂದು ಸುಳ್ಳು ಹೇಳಿ, ಚಂದ್ರನ ಪದ್ಯ ಹೇಳಿಸಿದ.

"ಸಾರಾಂಶ?"

"ಚಂದ್ರನು ಬೆಳಕು ಕೊಡುತ್ತಾನೆ!" ಎಂದು ಮಕ್ಕಳು ಒಟ್ಟಿಗೆ ಒದರಿದವು. ಅವತ್ತು ಆಕಾಶಕ್ಕೆ ಚಂದ್ರ ಬರಲಿಲ್ಲ.

ಮರುವಾರ ಹೊಳೆಯ ಪದ್ಯ ಹೇಳಿಸಿದ. "ಹೊಳೆಯು ನೀರು ಕೊಡುತ್ತದೆ!" ಅಂದವು ಮಕ್ಕಳು. ಸಂಜೆಗೆ ಹೊಳೆಯಲ್ಲಿ ಬರೀ ಮರಳು. ಬೆಸ್ತರು ದೋಣಿಯಲ್ಲಿ ಕೂತು ಬಾಯಿಬಾಯಿ ಬಿಡುತ್ತಿದ್ದರು.

ಪರೀಕ್ಷಕ ಹೊರಡುವಾಗ ಅವನ ಚೀಲದಿಂದ ನೀರು ತೊಟ್ಟಿಕ್ಕಿದ್ದನ್ನು ಮೇಷ್ಟ್ರು ನೋಡಿದ್ದರು. ಈಗ ಎಲ್ಲ ಅರ್ಥವಾಯಿತು. "ಅಯ್ಯೋ, ಆ ಹಾಳು ಸಾರಾಂಶ ಕಲಿಸಿದವನು ನಾನೇ ಅಲ್ಲವೇ!" ಎಂದು ತಲೆ ಚಚ್ಚಿಕೊಂಡರು. ಮಕ್ಕಳಿಗೆ ಹೇಳಿದರು: "ಅವನು ಮತ್ತೆ ಬಂದರೆ ನಮಗೆ ಪದ್ಯವೇ ಬರೋದಿಲ್ಲ ಅನ್ನಿ. ಗೊತ್ತಾಯ್ತಾ?"

ಮೂರನೆಯ ಸಲ ಬಂದೇಬಿಟ್ಟ. "ನಮಗೆ ಪದ್ಯವೇ ಬರೋದಿಲ್ಲ" ಅಂದವು ಮಕ್ಕಳು. ಆದರೆ ಆರು ವರ್ಷದ ಹೊನ್ನಿಗೆ ತಡೆಯಲಾಗಲಿಲ್ಲ. "ನಂಗೆ ಬರುತ್ತೆ! ನಾನೇ ಕಟ್ಟಿದ್ದು!" ಎಂದು ಎದ್ದು ನಿಂತಳು.

"ಅಜ್ಜಿ ಕೈಲಿ ರೊಟ್ಟಿ ವಾಸನೆ,
ಅಜ್ಜಿ ಸೆರಗಲಿ ಬೆಲ್ಲ;
ಅಜ್ಜಿ ನಕ್ಕರೆ ನಾನೂ ನಗುವೆ,
ಅಜ್ಜಿಗೆ ಹಲ್ಲೇ ಇಲ್ಲ!"

ಹೊನ್ನಿಗೆ ಅಪ್ಪ ಅಮ್ಮ ಇಲ್ಲ. ಇದ್ದವಳು ಆ ಅಜ್ಜಿ ಒಬ್ಬಳೇ. ಅವಳು ಶಾಲೆಯ ಜಗಲಿಯಲ್ಲೇ ಮೊಮ್ಮಗಳಿಗಾಗಿ ಕಾಯುತ್ತ ಕೂತಿದ್ದಳು.

ಮೇಷ್ಟ್ರು ಧಡಕ್ಕನೆ ಎದ್ದು, "ಬೇಡ ಮಗು" ಎನ್ನಹೋದರು. ಮಾಂತ್ರಿಕ ಬೆರಳಾಡಿಸಿ ಅವರ ಬಾಯಿ ಕಟ್ಟಿದ. ಚೀಲದ ಬಾಯಿ ಬಿಚ್ಚಿ, "ಭೇಷ್! ಇದರ ಸಾರಾಂಶ ಹೇಳು" ಅಂದ.

ಹೊನ್ನಿ ಕಣ್ಣರಳಿಸಿದಳು. "ತಿಳೀಲಿಲ್ವಾ ಸ್ವಾಮಿ? ಇರಿ, ಇನ್ನೊಂದ್ಸಲ ಹೇಳ್ತೀನಿ." ಹೇಳಿದಳು.

"ಪದ್ಯ ಅಲ್ಲ ಕಣೇ, ಅದರ ಅರ್ಥ!"

"ಅದೇ ಸ್ವಾಮಿ!" ಈ ಸಲ ರೊಟ್ಟಿ ತಟ್ಟುವ ಹಾಗೆ ಕೈಯಾಡಿಸುತ್ತ ಮತ್ತೆ ಹೇಳಿದಳು.

ಮಾಂತ್ರಿಕ ಹಲ್ಲು ಕಡಿದ. "ಕೊನೇ ಸಲ ಕೇಳ್ತಿದೀನಿ!"

ಹೊನ್ನಿಗೆ ಪಾಪ ಅನ್ನಿಸಿತು. ಇವರಿಗೆ ಅಜ್ಜಿಯೇ ಇರಲಿಲ್ಲವೇನೋ ಅಂದುಕೊಂಡಳು. ಅವನ ಒಣಕಲು ಕೈ ಹಿಡಿದು, ಒಂದೊಂದೇ ಸಾಲನ್ನು ಮೆಲ್ಲಗೆ, ಎಳೆ ಮಗುವಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಶುಷ್ಕದಂತನ ತುಟಿ ತಾನಾಗಿ ಅಲ್ಲಾಡಿತು. 'ಅಜ್ಜಿಗೆ ಹಲ್ಲೇ ಇಲ್ಲ' ಅನ್ನುವಾಗ ಕಿಸಕ್ಕನೆ ನಕ್ಕುಬಿಟ್ಟ. ನಕ್ಕ ಮಾಂತ್ರಿಕನ ಮಂತ್ರ ಉಳಿಯುತ್ತದೆಯೇ? ಚೀಲ ಟರ್ರೆಂದು ಹರಿಯಿತು. ಹೊಳೆ ಬಾಗಿಲು ದಾಟಿ ತನ್ನ ದಾರಿ ಹಿಡಿಯಿತು, ಚಂದ್ರ ಕಿಟಕಿಯಿಂದ ಹಾರಿದ, ಮೇಷ್ಟ್ರ ಬಾಯಿ ಬಿಚ್ಚಿತು. ಅಜ್ಜಿ ಜಗಲಿಯಲ್ಲಿ ಹಾಗೇ ಇದ್ದಳು.

ಮುಂದೆ ಹಾಲುಗಿರಿಯವರೆಲ್ಲ ಸುಖವಾಗಿ ಬಾಳಿದರು, ಅದನ್ನೇನು ಬಿಡಿಸಿ ಹೇಳುವುದು! ಮೇಷ್ಟ್ರು ಮತ್ತೆಂದೂ ಯಾವ ಮಗುವನ್ನೂ ಸಾರಾಂಶ ಕೇಳಲಿಲ್ಲ. ಆದರೆ ಅವತ್ತು, ಗಲಾಟೆಯೆಲ್ಲ ಅಡಗಿದ ಮೇಲೆ, ಚೀಲ ಕಳೆದುಕೊಂಡ ಮುದುಕ ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದ. ಕಣ್ಣು ಒರೆಸಿಕೊಂಡು ಹೊನ್ನಿಯನ್ನು ಕೇಳಿದ:

"ಇನ್ನೊಂದ್ಸಲ ಹೇಳ್ತೀಯಾ, ತಾಯೀ?"