ಗ್ರಂದಿಗೆ ಅಂಗಡಿಯ ಬಾಯಿಕಟ್ಟು

"ಒಳಗೆ ಹೋಗುವುದು ಬೇಡ ಅಂತ ನಾನು ಹೇಳ್ತೇನೆ. ಹೋಗಿಯೇ ಸಿದ್ಧ ಅಂತಾದರೆ ಒಂದು ನೆನಪಿಡಿ. ಹೊರಗೆ ಬರುವಾಗ 'ಬರ್ತೇನೆ' ಅಂತ ಮಾತ್ರ ಹೇಳಬೇಡಿ."

ಇಷ್ಟು ಹೇಳಿ ದರ್ಜಿ ರುಕ್ಮಯ್ಯ ಹೊಲಿಗೆ ಮೆಶಿನಿನ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದರು. ಬಂಟ್ವಾಳದ ಹಳೆ ಪೇಟೆಯಲ್ಲಿ ನಡುಮಧ್ಯಾಹ್ನ. ಗಿರಾಕಿಗಳೆಲ್ಲ ಬಿ.ಸಿ.ರೋಡಿನ ಗಾಜಿನ ಅಂಗಡಿಗಳಿಗೆ ಹೋಗಲು ಶುರುಮಾಡಿ ಎಷ್ಟೋ ಕಾಲವಾಯಿತು. ಇಲ್ಲಿ ಉಳಿದದ್ದು ಇಕ್ಕಟ್ಟಾದ ರಸ್ತೆ, ಹಂಚಿನ ಮಾಡು, ಕೆಳಗೆ ಅಂಗಡಿ ಮೇಲೆ ಮನೆಯಿದ್ದ ಕೆಲವು ಕಟ್ಟಡ, ಮತ್ತು ರುಕ್ಮಯ್ಯನಂಥ ನಾಲ್ಕೈದು ಮಂದಿ.

ಅವರ ಜಗಲಿಗೆ ನೇರ ಎದುರಿಗೆ ಆ ಗ್ರಂದಿಗೆ ಅಂಗಡಿ, ಅಂದರೆ ನಾಟಿಮದ್ದಿನ ಸಾಮಾನಿನ ಅಂಗಡಿ. ಬೇರು, ನಾರು, ಇಂಗು, ಸಾಂಬ್ರಾಣಿ, ಮಕ್ಕಳಿಗೆ ಮಾತು ಚೆನ್ನಾಗಿ ಬರಲೆಂದು ನಾಲಿಗೆಗೆ ತೇಯ್ದು ಹಚ್ಚುವ ಬಜೆ, ಎಲ್ಲವೂ ಒಂದು ಕಾಲಕ್ಕೆ ಅಲ್ಲಿ ಸಿಗುತ್ತಿತ್ತು. ಮೂವತ್ತೈದು ವರ್ಷಗಳಿಂದ ಅದರ ಬಾಗಿಲು ತೆರೆದಿಲ್ಲ. ಬಾಗಿಲೆಂದರೆ ಈಗಿನ ಶಟರ್ ಅಲ್ಲ, ಆಳೆತ್ತರದ ಹದಿನಾಲ್ಕು ಹಲಗೆ. ಒಂದೊಂದನ್ನೇ ಹೊರಗಿನಿಂದ ಹೊಸ್ತಿಲಿನಲ್ಲಿ ಉದ್ದಕ್ಕೆ ಕೊರೆದ ಸೀಳಿಗೆ, ಅಂದರೆ ಗಾಡಿಗೆ, ಇಳಿಸಿ, ಪಕ್ಕಕ್ಕೆ ಸರಿಸಿ, ಕೊನೆಗೆ ಅಡ್ಡಪಟ್ಟಿ ಹಾಕಿ ಬೀಗ ಜಡಿಯುವುದು. ಸಾಲು ತಪ್ಪಬಾರದೆಂದು ಪ್ರತಿ ಹಲಗೆಯ ಮೇಲೂ ಬಿಳಿ ಬಣ್ಣದ ಅಂಕಿ ಬರೆದಿತ್ತು.

ಆ ಅಂಗಡಿಯ ವಿಡಿಯೋ ಮಾಡಲು ಬಂದಿದ್ದ ಶೋಧನ್ ನಕ್ಕ. "ಬರ್ತೇನೆ ಅನ್ನಬಾರದಾ? ಹೋಗ್ತೇನೆ ಅಂದರೆ ಮನೆಯಲ್ಲಿ ಅಮ್ಮ ಬೈತಾರಲ್ಲ ರುಕ್ಮಯ್ಯಣ್ಣ."

"ಸಾವಿನ ಮನೆಯಿಂದ ಏಳುವಾಗ ಬರ್ತೇನೆ ಅಂತ ಹೇಳ್ತೀರಾ? ಇಲ್ಲವಲ್ಲ. ಸುಮ್ಮನೆ ಎದ್ದು ಹೋಗುವುದು. ಇದೂ ಹಾಗೆಯೇ. ಬರ್ತೇನೆ ಅಂದರೆ ಮಾತು ಕೊಟ್ಟ ಹಾಗೆ. ಅಲ್ಲಿ ಇರುವವನಿಗೆ ಮಾತಿಲ್ಲ ಮಾರಾಯ್ರೆ. ಕೊಟ್ಟರೆ ತಗೊಳ್ತಾನೆ."

"ಯಾರು ಇರುವುದು?"

ರುಕ್ಮಯ್ಯ ದನಿ ತಗ್ಗಿಸಿದರು. ಆ ಅಂಗಡಿಯಲ್ಲಿ ಶೇಖರ ಅಂತ ಒಬ್ಬ ಗುಮಾಸ್ತನಿದ್ದ. ಧಣಿಯು ಮಕ್ಕಳ ಮದ್ದಿಗೆ ಕಲಬೆರಕೆ ಮಾಡುವುದನ್ನು ಕಂಡವನು. ಊರಿಗೆಲ್ಲ ಹೇಳುತ್ತೇನೆಂದು ಹೊರಟಾಗ ಧಣಿ ಎಲ್ಲಿಂದಲೋ ಮಂತ್ರವಾದಿಯನ್ನು ಕರೆಸಿ ಅವನ ಬಾಯಿ ಕಟ್ಟಿಸಿದ. ಕಾಸರಕದ ಮರದ ಗೊಂಬೆ ಮಾಡಿ, ಅದರ ಬಾಯಿಗೆ ಕಬ್ಬಿಣದ ಮೊಳೆ ಹೊಡೆದು, ಹೊಸ್ತಿಲಿನ ಒಳಬದಿಗೆ ಕೂರಿಸಿದರು. ಮರುದಿನದಿಂದ ಶೇಖರ ಪೇಟೆಯ ನಡುವೆ ನಿಂತು ಬಾಯಿ ತೆರೆಯುತ್ತಿದ್ದ, ಸ್ವರ ಬರುತ್ತಿರಲಿಲ್ಲ. ಜನ ಸುತ್ತ ಸೇರಿ ನಗಾಡುತ್ತಿದ್ದರು. ಒಂದು ಮಧ್ಯಾಹ್ನ ಅಂಗಡಿಯ ಒಳಗೆ ಹೋದವನು ಜೀವಂತ ಹೊರಗೆ ಬರಲಿಲ್ಲ. ಆಮೇಲೆ ಬರ್ತೇನೆ ಅಂತ ಹೊರಟ ಧಣಿಯ ತಮ್ಮ ಒಳಗೇ ಸಿಕ್ಕಿಬಿದ್ದು ಹೇಗೋ ಜೀವ ಉಳಿಸಿಕೊಂಡ ಮೇಲೆ ಅಂಗಡಿಗೆ ಬೀಗ ಬಿತ್ತು.

"ನಾನೂ ನಗಾಡಿದವನೇ," ಎಂದರು ರುಕ್ಮಯ್ಯ. ಹಾಗೆ ಹೇಳುವಾಗ ಅವರು ಶೋಧನ್‌ನ ಮುಖ ನೋಡಲಿಲ್ಲ, ಸೂಜಿಗೆ ನೂಲು ಪೋಣಿಸಲು ಹೊರಟು ಎರಡು ಸಲ ತಪ್ಪಿದರು.

ಶೋಧನ್‌ಗೆ ಇಂಥ ಕತೆ ಎಂದರೆ ಹಾಲು ಕುಡಿದಷ್ಟು ಸಂತೋಷ. ಊರಿನವನೂ ಹೌದು, ಹೊಸಬನೂ ಹೌದು ಎನ್ನಿ. ಒಂಬತ್ತನೆಯ ವಯಸ್ಸಿಗೆ ಅಪ್ಪನ ಜೊತೆ ಮಸ್ಕತ್ತಿಗೆ ಹೋದವನು ಎರಡು ವರ್ಷದ ಹಿಂದೆ ಮರಳಿ ಬಂದು 'ನಮ್ಮ ಹಳೆ ಪೇಟೆ' ಎಂಬ ಚಾನೆಲ್ ತೆರೆದಿದ್ದ. ಚಾರ್ಮಾಡಿಯ ಬುಡದ ಚಾದ ಹೋಟೆಲು, ಹೆದ್ದಾರಿ ಅಗಲವಾಗುವಾಗ ಫರಂಗಿಪೇಟೆಯಲ್ಲಿ ಮಾಯವಾದ ಅಂಗಡಿ ಸಾಲು, ಮೂಡುಬಿದಿರೆಯ ಉಪ್ಪರಿಗೆಗಳು. ಕೈ ಮುಗಿದು ಶುರು, "ಬರ್ತೇನೆ ಆಯ್ತಾ" ಎಂದು ಮುಕ್ತಾಯ. ಪರದೇಶದಲ್ಲಿರುವ ಊರವರು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಉಂಡ ಮನೆಯ ಜಂತೆ ಎಣಿಸುವುದು ಅಂತ ಗಾದೆ ಇದೆಯಲ್ಲ, ಈ ಪುಣ್ಯಾತ್ಮ ಅದನ್ನೇ ಕಸುಬು ಮಾಡಿಕೊಂಡಿದ್ದ. ಮುದುಕರು ಕೊಟ್ಟ ಚಾ ಕುಡಿಯುತ್ತಾ ಅವನು ತೊಲೆ, ಕಂಬ, ದಾರಂದಗಳನ್ನು ಎಣಿಸುತ್ತಿದ್ದ. ಎಣಿಸಿದ ಲೆಕ್ಕ ದಲ್ಲಾಳಿ ದುಡ್ಡಿಗೆ, ರೆಸಾರ್ಟುಗಳಿಗೆ ಹಳೆ ಮರ ಒದಗಿಸುವ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು. ವ್ಯಾಪಾರಿ ಕಟ್ಟಡದ ವಾರಸುದಾರರನ್ನು ಹುಡುಕಿ ಮಾರಲು ಒಪ್ಪಿಸುತ್ತಿದ್ದ. ಮತ್ತೆ ಜೇಸಿಬಿ ಬರಲು ಎಷ್ಟು ಹೊತ್ತು?

ಮೂಡುಬಿದಿರೆಯ ಹೇಮರಾಜರ ಫೋಟೋ ಸ್ಟುಡಿಯೋ ಹೋದದ್ದು ಹೀಗೆಯೇ. ನಲುವತ್ತೆರಡು ವರ್ಷ ಬಾಡಿಗೆಗೆ ಇದ್ದ ಜಾಗ. ಕೆತ್ತನೆಯ ಉಪ್ಪರಿಗೆ, ಹಂಸ ಬರೆದ ಪರದೆ, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ, ಒಂದೊಂದನ್ನೂ ಹೇಮರಾಜರೇ ಕೈಹಿಡಿದು ತೋರಿಸಿದ್ದರು. ತಿಂಗಳೊಳಗೆ ಅದು ಬರೀ ಮಣ್ಣು. ಆ ಮಣ್ಣಿನ ಮೇಲೆ ನಿಂತು ಶೋಧನ್ "ನಮ್ಮ ಊರು ಹೋಯ್ತು" ಎಂದು ಅತ್ತ ವಿಡಿಯೋವನ್ನು ನಾಲ್ಕು ಲಕ್ಷ ಜನ ನೋಡಿದರು. ಹೇಮರಾಜರೂ ನೋಡಿದರು. ಅಂದಿನಿಂದ ಅವರು ಪ್ರತಿದಿನ ಅವನಿಗೆ ಸಂದೇಶ ಕಳಿಸುತ್ತಾರೆ. ಇವತ್ತಿನದೂ ಬಂದಿತ್ತು: "ಊಟ ಆಯ್ತಾ? ನಿಮ್ಮಂಥವರು ಇರುವುದರಿಂದ ಊರು ಉಂಟು." ಓದುವಾಗ ಶೋಧನ್‌ನ ಕಿವಿ ಬಿಸಿಯಾಯಿತು. ಎಂದಿನಂತೆ ಉತ್ತರಿಸದೆ ಫೋನನ್ನು ಕಿಸೆಗೆ ತುರುಕಿದ.

ಬೀಗದ ಕೀ ವಾರಸುದಾರರಿಂದಲೇ ಸಿಕ್ಕಿತ್ತು. ಪಟ್ಟಿ ಬಿಚ್ಚಿ ಹದಿನಾಲ್ಕೂ ಹಲಗೆ ತೆಗೆದು ಹೊರಗಿನ ಗೋಡೆಗೆ ಒರಗಿಸಿ ಒಳಗೆ ಕಾಲಿಟ್ಟ.

ಮೊದಲು ಬಂದದ್ದು ವಾಸನೆ. ಹುಳ ಹಿಡಿದ ಬೇರು, ಹಳಸಿದ ಎಣ್ಣೆ, ಇಂಗು, ಬಾವಲಿಯ ಹಿಕ್ಕೆ. ಅದೆಲ್ಲದರ ಅಡಿಯಲ್ಲಿ ಬಜೆಯ ಖಾರ ಘಾಟು, ಈಗ ತಾನೇ ಯಾರೋ ತೇಯ್ದಷ್ಟು ಹಸಿ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆಗಳು. ತಲೆಯ ಮೇಲೆ ಬೀಟೆಯ ತೊಲೆಗಳು. ಶೋಧನ್ ಟೇಪು ಹಿಡಿದು ಅಳೆದ. ಒಂಬತ್ತು ತೊಲೆ, ಒಂದಕ್ಕೂ ಗೆದ್ದಲು ತಾಗಿಲ್ಲ. ಹೊಸ್ತಿಲಿನ ಒಳಮೂಲೆಯಲ್ಲಿ ಗೇಣುದ್ದದ ಗೊಂಬೆಯೂ ಸಿಕ್ಕಿತು. ಅದರ ಬಾಯಿಯ ಜಾಗದಲ್ಲಿ ತುಕ್ಕು ಹಿಡಿದ ಮೊಳೆ.

ಅವನು ಫೋನ್ ಎತ್ತಿ ಕೈ ಮುಗಿದ. ಎದುರಿನ ದರ್ಜಿ ಹೇಳಿದ್ದನ್ನು ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳಿದ. ಬರ್ತೇನೆ ಅನ್ನಬಾರದಂತೆ, ನೋಡುವ ಏನಾಗ್ತದೆ ಅಂತ, ಎಂದು ಕಣ್ಣು ಮಿಟುಕಿಸಿದ.

"ಬರ್ತೇನೆ ಆಯ್ತಾ."

ಟಕ್.

ತಿರುಗಿ ನೋಡಿದ. ಒಂದನೆಯ ಹಲಗೆ ಗಾಡಿಯಲ್ಲಿ ನಿಂತಿತ್ತು.

"ಯಾರದು ತಮಾಷೆ ಮಾಡುವುದು?"

ಟಕ್. ಎರಡು. ಹಲಗೆ ನೆಲದಿಂದ ಎದ್ದದ್ದನ್ನು ಅವನೇ ಕಂಡ. ಹಿಡಿದ ಕೈ ಕಾಣಲಿಲ್ಲ. ರಸ್ತೆಯ ಆಚೆ ರುಕ್ಮಯ್ಯ ಮೆಶಿನಿನ ಹಿಂದೆ ಕಲ್ಲಾಗಿ ಕುಳಿತಿದ್ದರು. ಹಲಗೆಗೂ ಅವರಿಗೂ ನಡುವೆ ಬರೀ ಬಿಸಿಲು.

ಶೋಧನ್ ಬಾಗಿಲಿಗೆ ಓಡಿದ. ಹೊಸ್ತಿಲ ಹತ್ತಿರ ಕಾಲು ನಿಂತಿತು. ಎತ್ತಿದರೆ ಏಳಲಿಲ್ಲ. ಟಕ್. ಮೂರು. ಟಕ್. ನಾಲ್ಕು. ರುಕ್ಮಯ್ಯಣ್ಣ ಎಂದು ಕೂಗಲು ಬಾಯಿ ತೆರೆದ. ಹೆಸರು ಬರಲಿಲ್ಲ. ತಲೆಯಲ್ಲಿತ್ತು, ನಾಲಿಗೆಗೆ ಇಳಿಯಲಿಲ್ಲ. ನಾಲಿಗೆಯ ಮೇಲೆ ಬಜೆಯ ಕಹಿ. ಯಾರೋ ಹೆಬ್ಬೆರಳಿನಿಂದ ಒತ್ತಿ ಹಚ್ಚುತ್ತಿದ್ದರು.

ಐದು. ಆರು. ಏಳು. ಬಾಗಿಲು ಎಂಬ ಮಾತು ಹೋಯಿತು. ಬೇಡ ಎಂಬುದು ಹೋಯಿತು. ಬೆಳಕು ಅರ್ಧವಾಯಿತು. ಬೆನ್ನ ಹಿಂದೆ ಖಾನೆಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಹೋದ ಮಾತುಗಳನ್ನು ಅಲ್ಲಿ ಹಾಕಿಡುತ್ತಿದ್ದಾರೆ ಎಂದು ಅವನಿಗೆ ಖಂಡಿತ ಅನ್ನಿಸಿತು. ಎಂಟು. ಒಂಬತ್ತು. ಬಳಿಯಲ್ಲೇ ಒಂದು ಉಸಿರು. ಸ್ವರವಿಲ್ಲದೆ ಬಾಯಿ ತೆರೆದು ಮುಚ್ಚುವ ಒದ್ದೆ ಸದ್ದು. ಹತ್ತು. ಹನ್ನೊಂದು. ಅಮ್ಮ ಎನ್ನಲು ಹೋದ. ಅದೂ ಇರಲಿಲ್ಲ.

ಹನ್ನೆರಡು.

ಆಗ ರುಕ್ಮಯ್ಯ ರಸ್ತೆ ದಾಟಿ ಓಡಿ ಬಂದರು. ಉಳಿದಿದ್ದ ಸಂದಿಯಲ್ಲಿ ಅವರ ಬೆವರಿದ ಮುಖ ಕಾಣಿಸಿತು.

"ನುಂಗಿಕೊಂಡದ್ದು ಏನಾದರೂ ಉಂಟಾ? ಯಾರಿಗೂ ಹೇಳದ್ದು? ಹೇಳಿಬಿಡಿ. ಶೇಖರನಿಗೆ ಅವನು ಕಂಡದ್ದನ್ನು ಹೇಳಲಿಕ್ಕೆ ಬಿಡಲಿಲ್ಲ. ಅಂಥ ನುಂಗಿದ ಮಾತನ್ನು ಅವನು ಕಿತ್ತುಕೊಳ್ಳುವುದಿಲ್ಲ. ಧಣಿಯ ತಮ್ಮ ಜೀವ ಉಳಿಸಿಕೊಂಡದ್ದು ಹಾಗೆಯೇ."

ಟಕ್. ಹದಿಮೂರು. ಸಂದಿ ಒಂದು ಹಲಗೆಯಷ್ಟೇ ಉಳಿಯಿತು. ಕೊನೆಯದು ಮೇಲೆದ್ದಿತು. ಶೋಧನ್‌ಗೆ ಗೊತ್ತಿತ್ತು, ಯಾವುದೆಂದು. ಹೇಳಲು ನಾಚಿಕೆಯಾಯಿತು. ಸಾಯುವ ಹೊತ್ತಿನಲ್ಲೂ ನಾಚಿಕೆ! ರುಕ್ಮಯ್ಯನ ಹಿಂದೆ ಜನ ಸೇರುತ್ತಿದ್ದರು. ಎಲ್ಲರೂ ತನ್ನ ವಿಡಿಯೋ ನೋಡುವವರು. ಹಲಗೆಯ ಬುಡ ಗಾಡಿಗೆ ತಾಗಿತು.

"ಮೂಡುಬಿದಿರೆಯ ಹೇಮರಾಜರ ಸ್ಟುಡಿಯೋ ಕೆಡವಿಸಿದ್ದು ನಾನು!"

ಹದಿನಾಲ್ಕೂ ಹಲಗೆಗಳು ಒಟ್ಟಿಗೆ ರಸ್ತೆಗೆ ಬಿದ್ದವು. ಶೋಧನ್ ಹೊಸ್ತಿಲು ದಾಟಿ ಬಿಸಿಲಿನಲ್ಲಿ ಮಂಡಿಯೂರಿದ. ಸೇರಿದವರಲ್ಲಿ ಯಾರೂ ನಗಲಿಲ್ಲ, ಹತ್ತಿರವೂ ಬರಲಿಲ್ಲ. ರುಕ್ಮಯ್ಯ ಕೈಹಿಡಿದು ಎಬ್ಬಿಸಿ ಜಗಲಿಯಲ್ಲಿ ಕೂರಿಸಿ, ನೀರು ಬೇಕಾ ಎಂದು ಕೇಳಿದರು.

"ಮೂಡುಬಿದಿರೆಯ ಹೇಮರಾಜರ ಸ್ಟುಡಿಯೋ ಕೆಡವಿಸಿದ್ದು ನಾನು," ಎಂದ ಶೋಧನ್.

ಬಾಯಿ ಮುಚ್ಚಿಕೊಂಡು ಮತ್ತೆ ಪ್ರಯತ್ನಿಸಿದ. ಅದೇ ಬಂತು. ರುಕ್ಮಯ್ಯ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಕೊಟ್ಟರು. ನೀರು ಎಂದು ಬರೆಯಲು ಹೊರಟ ಕೈ ಅದೇ ಸಾಲನ್ನು ಬರೆಯಿತು. ದರ್ಜಿ ಅದನ್ನು ಓದಿ, ಅಂಗೈಯಿಂದ ಉಜ್ಜಿ ಅಳಿಸಿ, "ಧಣಿಯ ತಮ್ಮನಿಗೂ ಹೀಗೆಯೇ ಆದದ್ದು. ಜೀವ ಉಳಿಯಿತಲ್ಲ," ಎಂದರು.

ಜೀವವೇನೋ ಉಳಿಯಿತು. ಮನೆಯಲ್ಲಿ ಅಮ್ಮ ಕಾಂತಿ "ಎಂತಾಯ್ತು ಮಗಾ?" ಎಂದು ಗಲ್ಲ ಹಿಡಿದಾಗ ಅವಳಿಗೂ ಅದನ್ನೇ ಹೇಳಿದ. ಮೊದಲ ಸಲ ಅವಳಿಗೆ ಅರ್ಥವಾಗಲಿಲ್ಲ. ಹತ್ತನೆಯ ಸಲಕ್ಕೆ ಅರ್ಥವಾಗಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮಂಗಳೂರಿನ ಡಾಕ್ಟರು ತಲೆಯ ಚಿತ್ರ ತೆಗೆಸಿ ಎಲ್ಲ ಸರಿ ಉಂಟು ಎಂದರು. ಮೂರು ದಿನ ಶೋಧನ್ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಹೇಮರಾಜರ ಸಂದೇಶಗಳು ಬರುತ್ತಲೇ ಇದ್ದವು. ಕಾಣ್ತಾ ಇಲ್ಲ, ಹುಷಾರಿದ್ದೀರಾ, ಎಂದು. ಈ ಮಾತು ಸೇರಬೇಕಾದವರಿಗೆ ಸೇರಿದರೆ ಕಟ್ಟು ಬಿಟ್ಟೀತೋ ಏನೋ ಎಂಬ ಆಸೆ ಅವನಿಗೆ. ತಪ್ಪಾಯ್ತು ಎಂಬ ಒಂದು ಮಾತು ಹೊರಗೆ ಬಂದರೆ ಸಾಕಾಗಿತ್ತು. ಉಳಿದ ಮಾತೆಲ್ಲ ಹಾಳಾಗಿ ಹೋಗಲಿ. ನಾಲ್ಕನೆಯ ದಿನ ಬಸ್ಸು ಹತ್ತಿದ.

"ಎಲ್ಲಿಗೆ?" ಎಂದ ಕಂಡಕ್ಟರ್.

"ಮೂಡುಬಿದಿರೆಯ ಹೇಮರಾಜರ..." ಅಷ್ಟರಲ್ಲಿ ಅವನು ಮೂಡುಬಿದಿರೆಯ ಟಿಕೇಟು ಹರಿದು ಮುಂದೆ ಹೋಗಿದ್ದ. ಉಳಿದ ಮಾತನ್ನು ಪಕ್ಕದಲ್ಲಿ ಕುಳಿತವರು ಕೇಳಿಸಿಕೊಂಡರು. ಶೋಧನ್ ಇಳಿಯುವವರೆಗೂ ಕಿಟಕಿಯ ಕಡೆಯೇ ನೋಡುತ್ತಿದ್ದ.

ಹೇಮರಾಜರು ಈಗ ಬಸ್‌ಸ್ಟ್ಯಾಂಡಿನ ಬಳಿ ಜೆರಾಕ್ಸ್ ಅಂಗಡಿಯೊಂದರ ಮೂಲೆಯಲ್ಲಿ ಇದ್ದರು. ಗೋಡೆಗೆ ನೀಲಿ ಬಟ್ಟೆ, ಎದುರಿಗೆ ಒಂದು ಸ್ಟೂಲು, ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಕಾಲೇಜು ಮಕ್ಕಳ ಸಾಲು. ಶೋಧನ್‌ನನ್ನು ಕಂಡದ್ದೇ ಕ್ಯಾಮರಾ ಕೆಳಗಿಟ್ಟು ಎರಡೂ ಕೈ ಚಾಚಿದರು.

"ಬನ್ನಿ ಬನ್ನಿ. ನಾಲ್ಕು ದಿನದಿಂದ ನಿಮ್ಮದೇ ಯೋಚನೆ ನನಗೆ." ಸಾಲಿನ ಮಕ್ಕಳ ಕಡೆ ತಿರುಗಿದರು. "ಇವರು ಯಾರು ಗೊತ್ತುಂಟಾ? ನನ್ನ ಸ್ಟುಡಿಯೋ ಹೋದಾಗ ಅತ್ತವರು. ನನ್ನ ತಮ್ಮಂದಿರೇ ಅಳಲಿಲ್ಲ, ಇವರು ಅತ್ತರು. ಕೂತುಕೊಳ್ಳಿ, ಚಾ ತರಿಸುವ. ಹೇಳಿ, ಎಂತ ವಿಶೇಷ?"

ಶೋಧನ್‌ಗೆ ಓಡಿಬಿಡೋಣ ಅನ್ನಿಸಿತು. ಹೇಮರಾಜರ ಕೈ ಅವನ ಕೈಯನ್ನು ಹಿಡಿದಿತ್ತು. ಬಾಯಿ ತೆರೆದ. ಬಂದದ್ದು ಬಂತು.

ಹೇಮರಾಜರ ನಗು ಒಮ್ಮೆಲೇ ಹೋಗಲಿಲ್ಲ. ಸ್ವಲ್ಪ ಹೊತ್ತು ಮುಖದಲ್ಲೇ ನಿಂತಿತ್ತು. ಆಮೇಲೆ ಅವರು ಕೈ ಬಿಟ್ಟರು.

"ಸರಿ," ಎಂದರು ಹೇಮರಾಜರು. "ಮುಂದೆ ಹೇಳಿ."

ಶೋಧನ್ ಕೈ ಮುಗಿದ. ಅವನ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು.

"ಕೈ ಮುಗಿಯುವುದು ಬೇಡ. ವಿಡಿಯೋದಲ್ಲಿಯೂ ಮುಗಿದಿದ್ದೀರಿ. ಅತ್ತದ್ದನ್ನೂ ನೋಡಿದ್ದೇನೆ. ಬಾಯಲ್ಲಿ ಹೇಳಿ."

ಅವರು ಕಾದರು. ನಿಜವಾಗಿಯೂ ಕಾದರು. ಒಂದು ಮಾತು ಸಿಕ್ಕಿದ್ದರೆ ಆ ಮನುಷ್ಯ ಇನ್ನೊಮ್ಮೆ ಕೈ ಹಿಡಿಯುತ್ತಿದ್ದರು, ಅದು ಅವರ ಮುಖದಲ್ಲೇ ಇತ್ತು. ಶೋಧನ್ ಮೈಯೆಲ್ಲ ಬಿಗಿಮಾಡಿ ಆ ಮಾತನ್ನು ಹೊಟ್ಟೆಯಿಂದ ಎಳೆದ. ಕತ್ತಿನ ನರ ಉಬ್ಬಿತು.

"ಮೂಡುಬಿದಿರೆಯ ಹೇಮರಾಜರ ಸ್ಟುಡಿಯೋ ಕೆಡವಿಸಿದ್ದು ನಾನು," ಎಂದ. ಎಳೆದ ರಭಸಕ್ಕೆ ಅದು ಮೊದಲಿಗಿಂತಲೂ ಗಟ್ಟಿಯಾಗಿ, ಎದೆ ತಟ್ಟಿಕೊಂಡು ಹೇಳಿದಷ್ಟು ಸ್ಪಷ್ಟವಾಗಿ ಬಂತು.

ಹೇಮರಾಜರು ತಲೆಯಾಡಿಸಿದರು. ಕ್ಯಾಮರಾ ಎತ್ತಿಕೊಂಡು ಅವನ ಹೆಗಲಿನಾಚೆ ಸಾಲಿನ ಕಡೆ ನೋಡಿ, "ಮುಂದಿನವರು ಬನ್ನಿ," ಎಂದರು.