ಕೀ ಸಾಕಾ, ಲಾಕೂ ಬೇಕಾ?

"ಕೀ ಎಲ್ಲಾದ್ರೂ ಬಿದ್ದುಹೋಯ್ತಾ ಸಾರ್, ಇಲ್ಲಾ ಯಾರಾದ್ರೂ ತಗೊಂಡ್ರಾ?" ಬೀಗ ರಿಪೇರಿ ಅಂಕಲ್ ತಮ್ಮ ಪೆಟ್ಟಿಗೆಯನ್ನು ಕಾರಿನ ಪಕ್ಕ ಇಳಿಸುತ್ತಾ ಕೇಳಿದರು.

"ಎರಡಕ್ಕೂ ಏನ್ ವ್ಯತ್ಯಾಸ?" ಎಂದರು ಅಪ್ಪ.

"ಭಾರೀ ವ್ಯತ್ಯಾಸ! ಬಿದ್ದುಹೋಗಿದ್ರೆ ಹೊಸ ಕೀ ಮಾಡ್ಕೊಡ್ತೀನಿ, ಮುಗೀತು. ಯಾರದೋ ಕೈಗೆ ಸೇರಿದೆ ಅನ್ನೋ ಅನುಮಾನ ಇದ್ರೆ ಲಾಕೇ ಬದಲಾಯಿಸ್ಬೇಕು."

ಅಪ್ಪ ಮಗಳ ಮುಖ ನೋಡಿದರು. ಐದನೇ ಕ್ಲಾಸಿನ ಈ ಮಗಳಿಗೆ ಮನೆಯಲ್ಲಿ ಪತ್ತೇದಾರಿ ಎಂದೇ ಹೆಸರು. ಬಿಸ್ಕೆಟ್ ಡಬ್ಬ ಖಾಲಿಯಾದರೂ ಸರಿ, ಸಾಕ್ಸ್ ಒಂಟಿಯಾದರೂ ಸರಿ, ಮನೆಮಂದಿಯನ್ನೆಲ್ಲ ನಿಲ್ಲಿಸಿ ವಿಚಾರಣೆ ಮಾಡುವವಳು. ಇನ್ನು ಮೂರು ದಿನದಿಂದ ಕಾಣದ ಕಾರ್ ಕೀಯನ್ನು ಬಿಡುತ್ತಾಳೆಯೇ?

"ಶನಿವಾರ ಚಿನಕುರುಳಿ ಅದನ್ನ ಎರಡು ಸಲ ಮುಟ್ಟಿದ್ಲು ಅಪ್ಪಾ. ಕೀ-ಚೈನಲ್ಲಿರೋ ಪುಟಾಣಿ ಶೂ ಎಷ್ಟು ಚೆನ್ನಾಗಿದೆ ಅಂದ್ಲು. ಸಾಯಂಕಾಲ ನೋಡಿದ್ರೆ ಕೀ ಮಾಯ!" ಎಂದು ನಿನ್ನೆಯೇ ಹೇಳಿದ್ದಳು.

ಚಿನಕುರುಳಿ ಎಂದರೆ ಪಕ್ಕದ ಮನೆಯ ಗೆಳತಿ. ಬಾಯಿ ತೆರೆದರೆ ಪಟಪಟ. ಮೂರು ದಿನದಿಂದ ಪತ್ತೇದಾರಿ ಅವಳನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ನಿನ್ನೆ ಸ್ಕೂಲಿನಲ್ಲಿ "ನಿನ್ ಬ್ಯಾಗಲ್ಲಿ ಏನಿದೆ?" ಎಂದು ಕೇಳಿದ್ದೇ ತಡ, ಅವಳು ಬ್ಯಾಗನ್ನು ಅವುಚಿಕೊಂಡುಬಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ! ಪತ್ತೇದಾರಿಗೆ ಪಕ್ಕಾ ಆಯಿತು.

"ಲಾಕೇ ಬದಲಾಯಿಸಿಬಿಡಿ" ಎಂದರು ಅಪ್ಪ.

ಅಂಕಲ್ ಬಾಗಿಲಿನ ಸ್ಕ್ರೂ ಬಿಚ್ಚುತ್ತಿದ್ದಾಗ ಚಿನಕುರುಳಿ ಸ್ಕೂಲಿಗೆ ಕರೆಯಲು ಬಂದಳು.

"ಅಯ್ಯೋ, ಕಾರಿಗೆ ಏನಾಯ್ತು?"

"ಕೀ ಕಾಣಿಸ್ತಿಲ್ಲಮ್ಮ. ಲಾಕ್ ಬದಲಾಯಿಸ್ತಿದೀನಿ" ಎಂದರು ಅಂಕಲ್.

"ಹೊಸ ಕೀ ಮಾಡಿಸಿದ್ರೆ ಸಾಲ್ದಾ? ನಮ್ಮಪ್ಪ ಸ್ಕೂಟರ್ ಕೀ ಕಳ್ಕೊಂಡಾಗ ಹಾಗೇ ಮಾಡಿದ್ರು."

"ಇದು ಹಾಗಲ್ಲಮ್ಮ. ಯಾರೋ ತಗೊಂಡಿದಾರೆ ಅಂತ ಇವರಿಗೆ ಅನುಮಾನ."

"ಯಾರು?"

ಅಪ್ಪ ಮೊಬೈಲ್ ತೆಗೆದರು. ಪತ್ತೇದಾರಿ ತನ್ನ ಶೂ ನೋಡತೊಡಗಿದಳು. ಚಿನಕುರುಳಿ ಇಬ್ಬರನ್ನೂ ನೋಡಿದಳು. ಅವಳ ಮುಖ ಸಣ್ಣಗಾಯಿತು.

ಅವಳು ಬ್ಯಾಗನ್ನು ಕಾರಿನ ಬಾನೆಟ್ ಮೇಲಿಟ್ಟು ಜಿಪ್ ಎಳೆದಳು. ಪುಸ್ತಕ, ಕಂಪಾಸ್ ಬಾಕ್ಸ್, ಊಟದ ಡಬ್ಬಿ, ಎಲ್ಲವನ್ನೂ ಹೊರಗಿಟ್ಟಳು. ತಳದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಅದನ್ನೂ ಬಿಡಿಸಿದಳು. ಗಣಿತದ ಟೆಸ್ಟ್ ಪೇಪರ್, ಇಪ್ಪತ್ತಕ್ಕೆ ಮೂರು.

"ಇದನ್ನೇ ನಿನ್ನೆ ಮುಚ್ಚಿಟ್ಟಿದ್ದು" ಎಂದಳು.

ಪತ್ತೇದಾರಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. "ಅಂಕಲ್, ನಿಲ್ಲಿಸಿ! ಹೊಸ ಕೀ ಸಾಕು."

"ಹಾಗಾದ್ರೆ ಬಿದ್ದೇ ಹೋಗಿದ್ದಾ?"

"ಗೊತ್ತಿಲ್ಲ. ಆದ್ರೂ ಕೀ ಸಾಕು."

ಅಪ್ಪ ತಲೆಯಾಡಿಸಿದರು. ಅಂಕಲ್ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ಬಿಗಿದರು.

ಹಳೆಯ ಕೀ ಕೊನೆಗೂ ಸಿಗಲಿಲ್ಲ. ಪತ್ತೇದಾರಿ ಎರಡು ಸಲ ಸಾರಿ ಕೇಳಿದಳು. ಎರಡು ಸಲವೂ ಚಿನಕುರುಳಿ "ಪರವಾಗಿಲ್ಲ ಬಿಡು" ಎಂದಳು. ಭಾನುವಾರ ಆಡಲೂ ಬಂದಳು. ಆದರೆ ಬಾಗಿಲ ಹೊರಗೇ ನಿಂತಳು.

"ಒಳಗೆ ಬಾರೇ."

"ಬೇಡ. ನಾನು ಹೋದ್ಮೇಲೆ ಏನಾದ್ರೂ ಕಾಣಿಸದೇ ಹೋದ್ರೆ?"

ಅವಳೇನೂ ಸಿಟ್ಟಿನಲ್ಲಿ ಹೇಳಲಿಲ್ಲ. ಮೆಲ್ಲಗೆ, ಸುಮ್ಮನೆ ಹೇಳಿದಳು. ಪತ್ತೇದಾರಿಗೆ ಅಳು ಬಂತು.

ಅವಳು ಒಳಗೆ ಹೋಗಿ ಹಾವು-ಏಣಿ ಆಟದ ಬೋರ್ಡ್ ತಂದು ಮೆಟ್ಟಿಲ ಮೇಲೆ ಹಾಸಿದಳು. ನೆರಳಿದ್ದ ಕಡೆ ಗೆಳತಿಯನ್ನು ಕೂರಿಸಿ, ತಾನು ಬಿಸಿಲಲ್ಲಿ ಕುಳಿತಳು.

"ಒಳಗೆ ಯಾವಾಗ ಬರ್ತೀಯ?" ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಪತ್ತೇದಾರಿ ಅದನ್ನು ನುಂಗಿಕೊಂಡು, ದಾಳವನ್ನು ಅವಳ ಕೈಗೆ ಕೊಟ್ಟಳು.