ಬಾಡಿಗೆಗೆ ಬಂದ ಅಣ್ಣ

ಬೆಳ್ಯಪ್ಪ ನಮ್ಮ ಮನೆಗೆ ಬಂದ ದಿನವೇ ನನ್ನನ್ನು ತಂಗಿ ಮಾಡಿಕೊಂಡರು. ಅದಕ್ಕಾಗಿ ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೆಂದು ಇವತ್ತಿಗೂ ಅವರಿಗೆ ಹೇಳಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ಮಡಿಕೇರಿಯ ನಮ್ಮ ಪುಟ್ಟ ಕಾಲೇಜಿಗೆ ಹೊರಗಿನಿಂದ ಬಂದವರೆಲ್ಲ ಯಾರದಾದರೂ ಮನೆಯ ಕೋಣೆ ಹಿಡಿಯಬೇಕಿತ್ತು. ನಾನು ನೆಲ್ಯಹುದಿಕೇರಿಯಿಂದ ಬಂದು ಅಪ್ಪನ ಅಕ್ಕ ಪೂವಮ್ಮತ್ತೆಯ ಮನೆಯಲ್ಲಿದ್ದೆ. ಗಂಡ ತೀರಿಕೊಂಡು, ಮಕ್ಕಳಿಲ್ಲದ ಅತ್ತೆ ನನ್ನನ್ನು ಮಗಳೇ ಎಂದೇ ಕರೆಯುತ್ತಿದ್ದರು.

ಅಂಗಳದಾಚೆ ಒಂದು ಕೋಣೆ ಖಾಲಿ ಇತ್ತು. ಆದರೆ ತಮ್ಮ ಗಂಡನ ಬಳಿಗೆ, ಅಂದರೆ ಕುಲಕ್ಕೆ, ಸೇರಿದ ಹುಡುಗನಿಗಲ್ಲದೆ ಕೊಡುವುದಿಲ್ಲವೆಂದು ಅತ್ತೆಯ ಹಟ. ನಮ್ಮ ಗೌಡರಲ್ಲಿ ಒಂದೇ ಬಳಿಯವರೆಂದರೆ ಒಂದೇ ಮೂಲದವರು, ಅಣ್ಣತಂಗಿಯರ ಲೆಕ್ಕ. ಅವರೊಳಗೆ ಮದುವೆಯ ಮಾತೇ ಇಲ್ಲ. ಗಂಡನ ಬಳಿಯ ಹುಡುಗನಾದರೆ ಅತ್ತೆಗೆ ಮಗನ ಲೆಕ್ಕ.

ಸಂಪಾಜೆಯಿಂದ ಟ್ರಂಕು ಹೊತ್ತು ಬಂದ ಬೆಳ್ಯಪ್ಪನವರನ್ನು ಅತ್ತೆ ಜಗಲಿಯಲ್ಲೇ ನಿಲ್ಲಿಸಿದರು.

"ನಿಮ್ದ್ ಯಾವ ಬಳಿ?"

"ನಂದರ ಬಳಿ, ದೊಡ್ಡವ್ವ."

ಅದು ಅತ್ತೆಯ ಗಂಡನ ಬಳಿ. ಬೀಗದ ಕೈ ಕೂಡಲೇ ಅವರ ಕೈ ಸೇರಿತು. ಬಾಗಿಲ ಹಿಂದಿನಿಂದ ಇಣುಕುತ್ತಿದ್ದ ನನ್ನನ್ನು ತೋರಿಸಿ ಅತ್ತೆ, "ಮಗಳು, ದಮಯಂತಿ" ಎಂದರು. ಬೆಳ್ಯಪ್ಪನವರ ಮುಖ ಒಮ್ಮೆ ಅರಳಿ, ಮರುಕ್ಷಣ ಬಾಡಿತು.

"ತಂಗೆ, ಒಂದು ಲೋಟ ನೀರ್ ಕೊಡ್ತಿಯಾ?"

ನಾನು ಅತ್ತೆಯ ಮಗಳಲ್ಲ, ಅತ್ತೆಯ ತಮ್ಮನ ಮಗಳು, ನನ್ನ ಬಳಿಯೇ ಬೇರೆ, ಲೆಕ್ಕಕ್ಕೆ ನೀವು ನನಗೆ ಬಾವ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಮೊದಮೊದಲು ತಮಾಷೆಗೆ, ಆಮೇಲೆ ಬಿಂಕಕ್ಕೆ.

ಬೆಳಿಗ್ಗೆ ಬಚ್ಚಲೊಲೆಗೆ ಸೌದೆ ಒಡೆದುಕೊಡುವರು. ಸೀಮೆಎಣ್ಣೆ ಸ್ಟವ್ ಕೆಟ್ಟ ದಿನ ನಮ್ಮಲ್ಲೇ ಕಡುಬು ತಿನ್ನುವರು. ಆ ಸ್ಟವ್ ವಾರಕ್ಕೆ ಮೂರು ಸಲ ಕೆಡುತ್ತಿತ್ತು. ಕಾಲೇಜಿನ ದಾರಿಯಲ್ಲಿ ನನ್ನಿಂದ ಹತ್ತು ಮಾರು ಹಿಂದೆಯೇ ನಡೆಯುವರು. ನಾನು ಓದುತ್ತ ಕೂತಾಗ ನನ್ನ ಕೆನ್ನೆಯ ಮೇಲೆ ಅವರ ನೋಟ ತಾಗಿದಂತಾಗುತ್ತಿತ್ತು. ತಲೆಯೆತ್ತಿದರೆ, ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕುತ್ತಿರುತ್ತಿದ್ದರು.

"ಸಿಕ್ತಾ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಎಂಥದ್?"

"ನೀವ್ ಹುಡ್ಕುದು."

"ಅಮಾಸೆ ಎಂದಿಗೆ ಅಂತ ನೋಡ್ತಿದ್ದೆ."

"ಅದ್ ಮೊನ್ನೆ ಆತಲ್ಲ."

ಅವರ ಕಿವಿ ಕೆಂಪಾಯಿತು. ಆ ಕಿವಿಯನ್ನು ನೆನೆದು ನಾನು ಆ ಇಡೀ ವಾರ ನಕ್ಕೆ. ನಗುನಗುತ್ತಲೇ ಪ್ರೀತಿಗೆ ಬಿದ್ದೆ.

ಬಿದ್ದ ಮೇಲೆ ನಗು ನಿಂತಿತು. ಇಷ್ಟು ತಿಂಗಳಲ್ಲಿ ಯಾರಾದರೂ ಅವರಿಗೆ ನಿಜ ಹೇಳಿರಲೇಬೇಕು. ಗೊತ್ತಿದ್ದೂ ತಂಗೆ ಎನ್ನುತ್ತಾರಾದರೆ ನಾನು ಬೇಡವೆಂದೇ ತಾನೆ? ಕೇಳುವ ಧೈರ್ಯ ನನಗಿರಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಅತ್ತೆ ಸಂತೆಗೆ ಹೋಗಿದ್ದರು. ಬೆಳ್ಯಪ್ಪನವರ ಕೋಣೆಯ ಬಾಗಿಲು ತೆರೆದಿತ್ತು. ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು.

"ಎಲ್ಲಿಗೆ?"

"ಬೇರೆ ರೂಮ್ ನೋಡ್ದೆ."

"ಪರೀಕ್ಷೆಗೆ ಒಂದು ತಿಂಗಳೂ ಇಲ್ಲೆ. ಇಲ್ಲಿ ಎಂಥ ಕಮ್ಮಿ ಆತ್?"

"ಕಮ್ಮಿ ಆದ್ದಲ್ಲ." ಹಗ್ಗವನ್ನೇ ನೋಡುತ್ತ ಹೇಳಿದರು. "ತಂಗೆ ತಂಗೆ ಅಂತ ಹೇಳಿ ನನ್ನ ಬಾಯಿ ಸೋತುಟ್ಟು. ಮನಸ್ ಒಂದು ದಿನವೂ ಒಪ್ಪಿಲ್ಲೆ. ಇನ್ನು ಇಲ್ಲಿದ್ರೆ ದೊಡ್ಡವ್ವಂಗೆ ದ್ರೋಹ."

ನನ್ನ ಬಿಂಕವೆಲ್ಲ ಎಲ್ಲಿ ಹೋಯಿತೋ. "ತಂಗೆ ಅನ್ನಿ ಅಂತ ನಿಮ್ಗೆ ಯಾರ್ ಹೇಳ್ದ್? ನಾ ಈ ಮನೆ ಮಗಳಲ್ಲ. ಅತ್ತೆ ತಮ್ಮನ ಮಗಳು. ನೀವ್ ನಂಗೆ ಬಾವ ಆಕು."

ಸುತ್ತಿದ ಹಾಸಿಗೆಯ ಮೇಲೆಯೇ ಅವರು ಕುಸಿದು ಕೂತರು. ಎಂಟು ತಿಂಗಳ ನಗು ಒಟ್ಟಿಗೇ ಬಂದಂತೆ ನಕ್ಕರು. ನಗುತ್ತಿದ್ದವರು ಸಟ್ಟನೆ ನಿಲ್ಲಿಸಿದರು.

"ದಮಯಂತಿ, ನಾ ನಂದರ ಬಳಿಯವ ಅಲ್ಲ. ಎಲ್ಲೂ ರೂಮ್ ಸಿಕ್ಕದೆ, ಅಂಗಡಿ ಕುಶಾಲಪ್ಪಣ್ಣ ಹೇಳಿಕೊಟ್ಟ ಹಾಗೆ ಸುಳ್ಳು ಹೇಳ್ದೆ."

ಇವರ ನಿಜವಾದ ಬಳಿ ನನ್ನದೇ ಆಗಿಬಿಟ್ಟರೆ? ಆಗ ನಾನು ನಿಜವಾಗಿಯೂ ತಂಗಿಯೇ.

"ಮತ್ತೆ ಯಾವ ಬಳಿ?" ಎಂದೆ.

"ಗೋಳಿ ಬಳಿ."

ನನ್ನದಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಉಸಿರು ಬಿಟ್ಟೆ. "ಅದಾದೀತು" ಎಂದೆ. ಆ ದಿನ ಅವರು ನನ್ನನ್ನು ನೋಡಿದ ಹಾಗೆ ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಅತ್ತೆ ಸಂತೆಯಿಂದ ಬಂದಾಗ ಬೆಳ್ಯಪ್ಪ ಜಗಲಿಯ ಕೆಳಗೆ ನಿಂತು ಒಂದನ್ನೂ ಮುಚ್ಚಿಡದೆ ಹೇಳಿದರು. ಬಳಿಯ ಸುಳ್ಳನ್ನೂ ಹೇಳಿದರು, ನನ್ನ ಮೇಲಿನ ಆಸೆಯನ್ನೂ ಹೇಳಿದರು. ಅತ್ತೆ ಬುಟ್ಟಿ ಕೆಳಗಿಟ್ಟರು. ನನ್ನ ಮುಖ ನೋಡಿದರು, ಅವರ ಮುಖ ನೋಡಿದರು.

"ಟ್ರಂಕ್ ಕಟ್ಟಿ ಆತಾ?"

"ಆತ್, ದೊಡ್ಡವ್ವ."

"ಹಂಗಾರೆ ಹೊರಡಿ. ಈ ಮನೇಲಿ ನಿಮ್ಗೆ ಜಾಗ ಇಲ್ಲೆ."

ಅವರು ಕೈಮುಗಿದು, ಟ್ರಂಕನ್ನು ಹೆಗಲಿಗೇರಿಸಿ ಮೆಟ್ಟಿಲಿಳಿಯತೊಡಗಿದರು. ನಾನು ಅತ್ತೆಯ ಸೆರಗು ಹಿಡಿದು ಅತ್ತುಬಿಟ್ಟೆ.

"ಅಳ್ಬೇಡ ಗೂಡೆ," ಎಂದರು ಅತ್ತೆ, ಕೆಳಗಿನವರೆಗೂ ಕೇಳುವಷ್ಟು ಜೋರಾಗಿ. "ಮಗನಾದ್ರೆ ಇಟ್ಟುಕೊಳ್ಳಬಹುದಿತ್ತ್. ಅಳಿಯ ಆಗುವವನ ಮದುವೆ ಮೊದಲೇ ಮನೇಲಿ ಇಟ್ಟುಕೊಂಡ್ರೆ ಊರವ್ ನಗುದಿಲ್ವಾ? ಪರೀಕ್ಷೆ ಮುಗ್ಸಿ, ಅಪ್ಪನ ಕರ್ಕೊಂಡು ನೆಲ್ಯಹುದಿಕೇರಿಗೆ ಬರ್ಲಿ."

ಕೆಳಗಿನ ಮೆಟ್ಟಿಲಲ್ಲಿ ಟ್ರಂಕು ದಡಾರನೆ ಬಿತ್ತು. ಮುಚ್ಚಳ ತೆರೆದು ಪುಸ್ತಕಗಳೆಲ್ಲ ದಾರಿಯುದ್ದಕ್ಕೂ ಹರಡಿದವು. ನಾನು ಕಣ್ಣೊರೆಸಿಕೊಳ್ಳುತ್ತ ಓಡಿದೆ. ಹೆಕ್ಕಿ ಮುಗಿಸಲು ನಮ್ಮಿಬ್ಬರಿಗೆ ಅರ್ಧ ಗಂಟೆ ಹಿಡಿಯಿತು. ಇದ್ದದ್ದು ಏಳೇ ಪುಸ್ತಕ.